ಗುಳೆಯ ಹಾದಿ, ಪ್ರವಾಸದ ಹಾದಿ

‘ಪಠ್ಯೇತರ ಚಟುವಟಿಕೆ’ ಎಂಬ ಮಾತು ನಮ್ಮ ಶಾಲೆಗಳ ವರದಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಓದು, ಬರಹ, ಲೆಕ್ಕ ಇವು ಪಠ್ಯ. ಆಟ, ಹಾಡು, ಪ್ರವಾಸ, ಕೈತೋಟ, ಮಕ್ಕಳ ಸಂತೆ ಇವೆಲ್ಲವೂ ಪಠ್ಯೇತರ. ‘ಇತರ’ ಎಂಬ ಶಬ್ದಕ್ಕೆ ನಮ್ಮಲ್ಲಿರುವ ಬೆಲೆಯನ್ನು ಎಲ್ಲರೂ ಬಲ್ಲರು. ಮನೆಯ ಖರ್ಚಿನ ಪಟ್ಟಿಯಲ್ಲಿ ಎಲ್ಲವನ್ನೂ ಬರೆದು ಮುಗಿಸಿದ ಮೇಲೆ ಕೊನೆಗೆ ‘ಇತರೆ’ ಎಂದು ಒಂದು ಸಾಲನ್ನು ಸೇರಿಸುತ್ತೇವೆ. ಕೈ ಬಿಗಿಯಾದಾಗ ಮೊದಲು ಹೊಡೆದುಹಾಕುವುದೂ ಅದೇ ಸಾಲನ್ನು. ಶಾಲೆಯ ವ್ಯವಹಾರವೂ ಇದಕ್ಕಿಂತ ಬೇರೆಯಾಗಿಲ್ಲ. ಪಾಠ ಹಿಂದೆ ಬಿದ್ದಿತೆಂದರೆ ಆಟದ ಅವಧಿ ಮಾಯವಾಗುತ್ತದೆ. ಪರೀಕ್ಷೆ ಹತ್ತಿರ ಬಂತೆಂದರೆ ಹಾಡು ನಿಲ್ಲುತ್ತದೆ. ಹಣವಿಲ್ಲವೆಂದರೆ ಪ್ರವಾಸ ಮುಂದಿನ ವರ್ಷಕ್ಕೆ ಹೋಗುತ್ತದೆ. ಮುಂದಿನ ವರ್ಷ ಆ ಮಗು ಅದೇ ಶಾಲೆಯಲ್ಲಿ ಇರುವುದೆಂಬ ಭರವಸೆ ಎಲ್ಲ ಊರುಗಳಲ್ಲಿಯೂ ಒಂದೇ ತೆರನಾಗಿಲ್ಲ ಎಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ನಮ್ಮ ರಾಯಚೂರು ಸೀಮೆಯಲ್ಲಿ ಆ ಭರವಸೆ ಬಹಳ ತೆಳುವಾದುದು. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ, ನಡುವೆ ಹಬ್ಬಿದ ಈ ನೆಲವನ್ನು ಹಿಂದಿನವರು ಎಡೆದೊರೆ ನಾಡು ಎಂದು ಕರೆದರು. ಎರಡು ತೊರೆಗಳ ಎಡೆಯಲ್ಲಿದ್ದೂ ಬಾಯಾರಿದ ನಾಡು ಇದು. ಕಾಲುವೆಯ ನೀರು ಮುಟ್ಟಿದಲ್ಲಿ ಭತ್ತದ ಹಸಿರು. ಮುಟ್ಟದಲ್ಲಿ ಜೋಳ, ಸಜ್ಜೆ, ತೊಗರಿ, ಹತ್ತಿ, ಇವುಗಳ ಜೊತೆಗೆ ಮಳೆಯ ದಾರಿ ಕಾಯುವ ಕಣ್ಣುಗಳು. ಕೃಷ್ಣೆಯ ಕಡೆಯ ದೇವದುರ್ಗದಲ್ಲಿಯೂ ತುಂಗಭದ್ರೆಯ ಕಡೆಯ ಮಾನ್ವಿಯಲ್ಲಿಯೂ ಸುಗ್ಗಿ ಕೈಕೊಟ್ಟ ವರ್ಷ ಮನೆಗಳಿಗೆ ಬೀಗ ಬೀಳುತ್ತದೆ. ಗಂಟುಮೂಟೆ, ಹಾಸಿಗೆ ಸುರುಳಿ, ಒಂದು ಚೀಲ ಜೋಳ, ಎರಡು ಮೂರು ಮಕ್ಕಳು, ಇಷ್ಟನ್ನು ಕಟ್ಟಿಕೊಂಡು ಸಂಸಾರವೇ ಬೆಂಗಳೂರಿಗೋ ಪುಣೆಗೋ ಹೈದರಾಬಾದಿಗೋ ಹೊರಡುತ್ತದೆ. ಇದಕ್ಕೆ ನಮ್ಮ ಕಡೆಯ ಹೆಸರು ಗುಳೆ. 2011ರ ಜನಗಣತಿಯಲ್ಲಿ ಕರ್ನಾಟಕದ ಅಕ್ಷರಸ್ಥರು ನೂರಕ್ಕೆ 75ನ್ನು ದಾಟಿದ್ದರೆ, ರಾಯಚೂರು ಜಿಲ್ಲೆ 60ನ್ನು ಮುಟ್ಟಿರಲಿಲ್ಲ. ಈ ಅಂಕಿಯ ಹಿಂದೆ ಹಲವು ಕಾರಣಗಳಿವೆ. ಗುಳೆಯ ಬಸ್ಸು ಅವುಗಳಲ್ಲಿ ಸಣ್ಣದಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಶಾಲೆಯ ಪ್ರವಾಸದ ಕಾಲ ಮಾರ್ಗಶಿರ ಪುಷ್ಯಗಳ ತಂಪಿನ ದಿನಗಳು, ಎಂದರೆ ಡಿಸೆಂಬರ್ ಮತ್ತು ಜನವರಿ. ಹತ್ತಿ ಬಿಡಿಸುವ ಕಾಲವೂ ಅದೇ. ಕೂಲಿಗೆಂದು ಊರು ಬಿಡುವ ಕಾಲವೂ ಬಹುಮಟ್ಟಿಗೆ ಅದೇ. ಒಂದೇ ಬಸ್ಸು ನಿಲ್ದಾಣದಿಂದ ಎರಡು ಬಗೆಯ ಮಕ್ಕಳು ಹೊರಡುತ್ತಾರೆ. ಒಬ್ಬರ ಕೈಯಲ್ಲಿ ಬುತ್ತಿಯ ಡಬ್ಬಿ, ಇನ್ನೊಬ್ಬರ ಕಂಕುಳಲ್ಲಿ ತಂಗಿ. ಒಬ್ಬರು ಹೋಗುವುದು ನೋಡುವುದಕ್ಕೆ, ಇನ್ನೊಬ್ಬರು ಹೋಗುವುದು ಬದುಕುವುದಕ್ಕೆ. ನಮ್ಮ ಮಕ್ಕಳು ಊರು ಬಿಟ್ಟು ಹೋಗಿಯೇ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಏಳನೆಯ ವರ್ಷಕ್ಕೇ ಬೆಂಗಳೂರನ್ನು ಕಂಡ ಮಗು ದೇವದುರ್ಗದ ಹಳ್ಳಿಗಳಲ್ಲಿ ಅಪರೂಪವಲ್ಲ. ಆದರೆ ಅದು ಕಂಡ ಬೆಂಗಳೂರು ಕಟ್ಟುತ್ತಿರುವ ಮನೆಯ ಪಕ್ಕದ ತಗಡಿನ ಗುಡಿಸಲಿನಿಂದ ಕಂಡ ಬೆಂಗಳೂರು. ದೂರ ಹೋಗುವುದು ಬೇರೆ, ನೋಡುವುದು ಬೇರೆ. ಹೋದದ್ದನ್ನು ನೋಡಿದ್ದನ್ನಾಗಿ ಮಾಡುವ ಕೆಲಸವನ್ನು ಶಾಲೆಯಲ್ಲದೆ ಮತ್ತಾರು ಮಾಡಬೇಕು?

ಕಳೆದ ಚಳಿಗಾಲದಲ್ಲಿ ದೇವದುರ್ಗದ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳು ರಾಯಚೂರಿನ ಕೋಟೆಯನ್ನು ನೋಡಲು ಬಂದಿದ್ದರು. ಶಾಸನವನ್ನು ಓದಿ ಹೇಳಬೇಕೆಂದು ಅವರ ಮುಖ್ಯೋಪಾಧ್ಯಾಯರು ನನ್ನನ್ನು ಕರೆದಿದ್ದರಿಂದ ನಾನೂ ಜೊತೆಗೂಡಿದೆ. ರಾಯಚೂರಿನ ಕೋಟೆಗೋಡೆಯಲ್ಲಿ ಒಂದು ಮಹಾಶಿಲೆಯಿದೆ. ಉದ್ದ ಸುಮಾರು 41 ಅಡಿ. ಅದರ ಮೇಲೆ ಕಾಕತೀಯರ ಕಾಲದ, 1294ರ ತೆಲುಗು ಶಾಸನ. ಆ ಶಿಲೆಯನ್ನು ತಂದ ಬಗೆಯನ್ನು ಗೋಡೆಯಲ್ಲಿಯೇ ಕೊರೆದು ತೋರಿಸಿದ್ದಾರೆ. ಬಂಡಿಯ ಮೇಲೆ ಕಲ್ಲು, ಮುಂದೆ ಸಾಲುಗಟ್ಟಿ ಎಳೆಯುವ ಕೋಣಗಳು, ಅವುಗಳನ್ನು ಹುರಿದುಂಬಿಸುವ ಆಳುಗಳು. ರಾಜರ ಮೆರವಣಿಗೆಯನ್ನು ಕೊರೆದ ಗೋಡೆಗಳು ನಾಡಿನಲ್ಲಿ ಎಷ್ಟೋ ಇವೆ. ಕೆಲಸಗಾರರು ಕಲ್ಲು ಸಾಗಿಸಿದ್ದನ್ನು ಕೊರೆದಿಟ್ಟ ಗೋಡೆ ವಿರಳ.

ಶಿಕ್ಷಕರು ಶಾಸನದ ಕಾಲವನ್ನು ಹೇಳಲು ಅವಸರಪಡಲಿಲ್ಲ. ಕಲ್ಲು ಎಷ್ಟು ಉದ್ದವಿದೆಯೆಂದು ಮೊದಲು ನೀವೇ ಹೇಳಿರಿ ಎಂದರು. ಮಕ್ಕಳು ಕೈ ಚಾಚಿ, ಬೆರಳಿಗೆ ಬೆರಳು ತಾಗಿಸಿ ಗೋಡೆಯ ಗುಂಟ ನಿಂತರು. ಒಂದು ತುದಿಯಿಂದ ಇನ್ನೊಂದು ತುದಿಗೆ ಎಣಿಕೆ ಕೂಗುತ್ತ ಹೋಯಿತು. ಅಡಿಯ ಲೆಕ್ಕವನ್ನು ಆಮೇಲೆ ಹಾಕಿದರು. ಅನಂತರ ಇನ್ನೊಂದು ಪ್ರಶ್ನೆ: ಎಳೆದದ್ದೇನೋ ಕೋಣಗಳು, ಇಂಥ ಕಲ್ಲನ್ನು ಬಂಡಿಯ ಮೇಲೆ ಏರಿಸಿದ್ದು ಹೇಗೆ? ಓದಿನಲ್ಲಿ ಮುಂದಿದ್ದವರು ಮುಖ ಮುಖ ನೋಡಿಕೊಂಡರು. ಹಿಂದೆ ನಿಂತಿದ್ದ ಒಬ್ಬ ಹುಡುಗ ಮೆಲ್ಲಗೆ ಹೇಳಿದ:

“ಒಂದ್ ಕಡಿ ಹಾರಿ ಹಾಕಿ ಎತ್ತಬೇಕ್ರಿ ಸರ್. ಎತ್ತಿದ ಕೂಡ್ಲೆ ಕೆಳಗ ಸಣ್ಣ ಕಲ್ಲು ಇಡಬೇಕ್ರಿ. ಮತ್ತ ಈ ಕಡಿ ಎತ್ತಬೇಕ್ರಿ. ಹಂಗ ಎತ್ತಗೋತ ಎತ್ತಗೋತ ಮ್ಯಾಲ ಬರ್ತದ್ರಿ.”

“ಯಾರ್ ಹೇಳ್ಯಾರಪ್ಪ ನಿನಗ?”

“ನಮ್ಮಪ್ಪ ಮಾಡ್ತಾನ್ರಿ. ಬೆಂಗಳೂರಾಗ ನೋಡೀನ್ರಿ.”

ಹುಡುಗ ಹಿಂದಿನ ವರ್ಷ ನಾಲ್ಕು ತಿಂಗಳು ಶಾಲೆ ಬಿಟ್ಟು ತಂದೆತಾಯಿಗಳ ಜೊತೆ ಹೋಗಿದ್ದನಂತೆ. ಹಾಜರಿಯ ಪುಸ್ತಕದಲ್ಲಿ ಆ ನಾಲ್ಕು ತಿಂಗಳು ಬರಿಯ ಗೈರುಹಾಜರಿಯ ಗುರುತುಗಳು. ಆದರೆ ಆ ಹೊತ್ತು, ಏಳುನೂರು ವರ್ಷ ಹಿಂದಿನ ಒಂದು ಕಲ್ಲಿನ ಮುಂದೆ, ಅವನೇ ಗುರುವಾದ. ಶಿಕ್ಷಕರು ಅವನನ್ನು ಮುಂದೆ ಕರೆದು, ಒಂದು ಕೋಲು, ಒಂದು ಸಣ್ಣ ಕಲ್ಲು ತರಿಸಿ, ಮತ್ತೊಮ್ಮೆ ಮಾಡಿ ತೋರಿಸೆಂದರು. ವಿಜ್ಞಾನದ ಪುಸ್ತಕದಲ್ಲಿ ಸನ್ನೆ ಎಂದು ಬರುವ ಪಾಠ ಅಲ್ಲಿ, ಬಯಲಿನಲ್ಲಿ, ಹತ್ತು ನಿಮಿಷದಲ್ಲಿ ನಡೆದುಹೋಯಿತು. ತರಗತಿಯ ನಾಲ್ಕು ಗೋಡೆಗಳ ನಡುವೆ ಈ ಹುಡುಗನ ಅನುಭವಕ್ಕೆ ಬಾಯಿ ಬರುವ ಸಂದರ್ಭವೇ ಇರಲಿಲ್ಲ. ಕೋಟೆಗೆ ಹೋದದ್ದರಿಂದ ಅವನ ಗುಳೆಯೂ ಒಂದು ವಿದ್ಯೆಯಾಯಿತು. ಪ್ರವಾಸದ ಪ್ರಯೋಜನವನ್ನು ಕೇಳುವವರಿಗೆ ನಾನು ಕೊಡಬಲ್ಲ ಉತ್ತರ ಇಷ್ಟೇ.

ಅದೇ ಕೋಟೆಯ ಬಾಗಿಲುಗಳಲ್ಲಿ ಆದಿಲಶಾಹಿ ಕಾಲದ ಪಾರಸಿ ಶಾಸನಗಳಿವೆ. ಊರೊಳಗೆ 1513ರಲ್ಲಿ ಕಟ್ಟಿದ ಒಂಟಿ ಮಿನಾರಿನ ಮಸೀದಿಯಿದೆ. ಈ ಕೋಟೆಗಾಗಿ 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಸುಲ್ತಾನನಿಗೂ ಯುದ್ಧ ನಡೆಯಿತು. ಮಸ್ಕಿಯ ಬಂಡೆಯ ಮೇಲೆ ಪ್ರಾಕೃತ ಭಾಷೆಯ, ಬ್ರಾಹ್ಮೀ ಲಿಪಿಯ ಅಶೋಕನ ಶಾಸನವಿದೆ; 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದ ಆ ಬಂಡೆಯೇ ‘ದೇವಾನಾಂಪ್ರಿಯ’ನೆಂದರೆ ಅಶೋಕನೆಂಬುದನ್ನು ಲೋಕಕ್ಕೆ ಖಚಿತಪಡಿಸಿತು. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಹಳೆಯ ಗುಡಿಗಳೂ ಕನ್ನಡ ಶಾಸನಗಳೂ ಇವೆ. ಒಂದೇ ಜಿಲ್ಲೆಯ ಕಲ್ಲುಗಳು ಪ್ರಾಕೃತ, ಕನ್ನಡ, ತೆಲುಗು, ಪಾರಸಿ ಎಂಬ ನಾಲ್ಕು ಭಾಷೆಗಳಲ್ಲಿ ಮಾತನಾಡುತ್ತವೆ. ಅವುಗಳ ಮುಂದೆ ನಿಂತ ಮಕ್ಕಳ ಮನೆಗಳಲ್ಲಿಯೂ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತುಗಳಿವೆ. ತಾನು ಮನೆಯಲ್ಲಿ ಆಡುವ ಭಾಷೆಗೂ ಈ ನೆಲದ ಚರಿತ್ರೆಯಲ್ಲಿ ಒಂದು ಮೂಲೆಯುಂಟೆಂದು ಮಗುವಿಗೆ ತಿಳಿಸುವುದಕ್ಕೆ ಕೋಟೆಯ ಒಂದು ಸುತ್ತು ಸಾಕು.

ಮಾನ್ವಿ ದೇವದುರ್ಗಗಳ ನೆಲಕ್ಕೆ ಸಂಚಾರದ ಇನ್ನೊಂದು ಪರಂಪರೆಯೂ ಇದೆ. ತುಂಗಭದ್ರೆಯ ದಡದ ಚೀಕಲಪರ್ವಿಯಲ್ಲಿ 1682ರಲ್ಲಿ ಹುಟ್ಟಿದ ವಿಜಯದಾಸರು ಬಡತನದ ಬೇಗೆಯಲ್ಲಿ ಮನೆಬಿಟ್ಟು ಅಲೆದವರೆಂದು ಅವರ ಚರಿತ್ರೆ ಹೇಳುತ್ತದೆ. ಅಲೆದಾಟ ಅವರನ್ನು ಕಾಶಿಗೆ ಒಯ್ದಿತು. ಹಿಂತಿರುಗಿ ಬಂದವರು ಹಾಡುವ ದಾಸರಾಗಿ ಬಂದರು. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗದ ಕಡೆಯ ಮೊಸರಕಲ್ಲಿನವರು. ಗೋಪಾಲದಾಸರ ಶಿಷ್ಯರಾದ ಜಗನ್ನಾಥದಾಸರು ಮಾನ್ವಿಯಲ್ಲಿ ನೆಲೆಸಿ, ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ವನ್ನು ರಚಿಸಿದರು. ಹಸಿವಿನಿಂದ ಹೊರಟ ಕಾಲುಗಳು ಹಾಡನ್ನು ಹೊತ್ತು ಮರಳಿದ ನಾಡು ಇದು. ಈ ಮೂರು ಊರುಗಳೂ ಒಂದೇ ದಿನದ ಪ್ರವಾಸಕ್ಕೆ ಒಗ್ಗುವಷ್ಟು ಹತ್ತಿರದಲ್ಲಿವೆ. ಮೈಸೂರಿನ ಅರಮನೆಯನ್ನು ನೋಡುವುದಕ್ಕೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಹೋಗುವ ಮಕ್ಕಳಿಗೆ, ತಮ್ಮೂರ ಹೊಲದಾಚೆಗೇ ಕನ್ನಡದ ಒಂದು ಮಹಾಕೃತಿ ಹುಟ್ಟಿತೆಂಬುದು ತಿಳಿಯದೆ ಉಳಿಯಬಾರದು.

ಇನ್ನು ಶಾಲೆಯ ಅಂಗಳಕ್ಕೆ ಬರೋಣ. ಈಚಿನ ವರ್ಷಗಳಲ್ಲಿ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಸಂತೆ ಎಂಬುದೊಂದು ನಡೆಯುತ್ತಿದೆ. ಕೆಲವರು ಮೆಟ್ರಿಕ್ ಮೇಳವೆಂದೂ ಕರೆಯುವರು. ಮಾನ್ವಿಯ ಕಡೆಯ ಒಂದು ಶಾಲೆಯಲ್ಲಿ ಅದನ್ನು ನೋಡುವ ಅವಕಾಶ ನನಗೊದಗಿತು. ಪುಂಡಿಪಲ್ಯ, ಮೆಂತೆ, ಬದನೆ, ಹುಣಸೆಹಣ್ಣು, ಮಂಡಾಳು, ಮನೆಯಲ್ಲಿ ಮಾಡಿದ ಮಿರ್ಚಿ, ಇವನ್ನೆಲ್ಲ ಗೋಣಿತಟ್ಟುಗಳ ಮೇಲೆ ಹರಡಿಕೊಂಡು ಮಕ್ಕಳು ಕುಳಿತಿದ್ದರು. ಕೊಳ್ಳುವವರು ತಂದೆತಾಯಿಗಳು, ಶಿಕ್ಷಕರು, ಊರಿನ ಹಿರಿಯರು. “ತಗೋರಿ ಸರ್, ಹತ್ತು ರೂಪಾಯಿಗೆ ಮೂರು ಸಿವುಡು” ಎಂದು ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಕೂಗುತ್ತಿದ್ದಳು. ಶಿಕ್ಷಕರೊಬ್ಬರು ಏಳು ಸಿವುಡು ಕೇಳಿ, ಐವತ್ತರ ನೋಟು ಕೊಟ್ಟು, ಚಿಲ್ಲರೆಗೆ ಕೈಯೊಡ್ಡಿದರು. ಹುಡುಗಿ ಬೆರಳು ಮಡಿಚತೊಡಗಿದಳು. ಬದಿಯಲ್ಲಿ ನಿಂತಿದ್ದ ಅವಳ ತಾಯಿ ಸಂತೆಯಲ್ಲಿ ಕಾಯಿಪಲ್ಯ ಮಾರುವವಳು. ಹೆಬ್ಬೆಟ್ಟಿನ ಗುರುತು ಹಾಕುವವಳು. ತುಟಿಯಲ್ಲಿ ಉತ್ತರ ಬಂದಿದ್ದರೂ ಆಕೆ ಮಗಳ ಕಡೆಗೇ ನೋಡುತ್ತ ಸುಮ್ಮನೆ ನಿಂತಳು. ಕೊನೆಗೆ ಮಗಳು, “ಆರಕ್ಕ ಇಪ್ಪತ್ತು ರೂಪಾಯಿ, ಒಂದು ಸಿವುಡಕ್ಕ ಮೂರು ರೂಪಾಯಿ ಹಿಡೀರಿ, ಇಪ್ಪತ್ತಮೂರು. ತಗೋರಿ ಇಪ್ಪತ್ತೇಳು” ಎಂದಳು. ತಾಯಿ ನಕ್ಕು, “ಬಿಡಿ ಸಿವುಡು ನಾಕು ರೂಪಾಯಿಗಿಂತ ಕಡಿಮಿ ಕೊಡಬಾರದವ್ವ” ಎಂದು ವ್ಯಾಪಾರದ ಮರ್ಮವನ್ನು ತಿದ್ದಿದಳು.

ಈ ಘಟನೆ ಚಿಕ್ಕದು. ಆದರೆ ಶಾಲೆಯ ಕಟ್ಟೆ ಹತ್ತಲು ಅಂಜುತ್ತಿದ್ದ ಆ ತಾಯಿಗೆ ಅಂದು ಅಲ್ಲಿ ಕಲಿಸುವ ಅಧಿಕಾರ ಬಂದಿತ್ತು. ಶಾಲೆಯಲ್ಲಿ ಕಲಿಯುವ ಲೆಕ್ಕವೂ ಮನೆಯಲ್ಲಿ ಬದುಕುವ ಲೆಕ್ಕವೂ ಒಂದೇ ಎಂದು ಮಗಳಿಗೆ ತಿಳಿದಿತ್ತು. ಕೈಯಿಂದ ಕಲಿಯುವ ಈ ತತ್ತ್ವ ಹೊಸದಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಮುಂದಿಟ್ಟ ಶಿಕ್ಷಣದ ಯೋಜನೆಯ ತಿರುಳೂ ಇದೇ. ಗುಜರಾತಿನ ಗಿಜುಭಾಯಿ ಬಧೇಕಾ, ನಮ್ಮ ಪುತ್ತೂರಿನ ಶಿವರಾಮ ಕಾರಂತರು ತಮ್ಮ ತಮ್ಮ ಬಗೆಯಲ್ಲಿ ಮಾಡಿ ತೋರಿಸಿದ್ದೂ ಇದನ್ನೇ.

ರಾಯಚೂರಿಗೂ ಈ ವಿಚಾರ ಹೊರಗಿನದಲ್ಲ. 1948ರವರೆಗೆ ಈ ಸೀಮೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಆಡಳಿತದ ಭಾಷೆ ಉರ್ದು. ಕನ್ನಡದ ಮಗು ಮೇಲಿನ ತರಗತಿಗೆ ಹೋದಷ್ಟೂ ತನ್ನ ಮಾತಿನಿಂದ ದೂರವಾಗುತ್ತಿತ್ತು. ಅಂಥ ಕಾಲದಲ್ಲಿ, 1920ರ ಹೊತ್ತಿಗೆ, ಪಂಡಿತ ತಾರಾನಾಥರು ಇಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಹಮ್‌ದರ್ದ್ ಎಂದರೆ ನೋವಿನಲ್ಲಿ ಪಾಲುಗೊಳ್ಳುವವನು. ಶಾಲೆಗೆ ಇದಕ್ಕಿಂತ ಒಳ್ಳೆಯ ಹೆಸರು ದೊರೆಯುವುದು ಕಷ್ಟ. 1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿದಾಗ ಅಧ್ಯಕ್ಷ ಪೀಠದಲ್ಲಿ ಕುಳಿತವರು ಪಂಜೆ ಮಂಗೇಶರಾಯರು. ಅವರು ಶಾಲಾ ಶಿಕ್ಷಕರಾಗಿದ್ದವರು, ಶಾಲೆಗಳ ತನಿಖಾಧಿಕಾರಿಯಾಗಿದ್ದವರು, ಕನ್ನಡದ ಮಕ್ಕಳಿಗೆ ಹಾಡನ್ನೂ ಕತೆಯನ್ನೂ ಕೊಟ್ಟವರು. ಮಕ್ಕಳ ಕವಿಯೊಬ್ಬರನ್ನು ನಾಡಿನ ಹಿರಿಯ ಪೀಠದಲ್ಲಿ ಕಂಡ ಊರಿನವರು ನಾವು. ಮಕ್ಕಳ ಹಾಡನ್ನು ‘ಇತರ’ವೆಂದು ಕರೆಯುವ ಹಕ್ಕು ನಮಗಂತೂ ಇಲ್ಲ.

ಆಟದ ವಿಷಯ ಇನ್ನೂ ಗಂಭೀರವಾದುದು. ಹತ್ತಿಯ ಹೊಲದಲ್ಲಿ ದಿನವಿಡೀ ಬಗ್ಗಿದ ಮಗುವಿನ ಮೈ ದಣಿಯುತ್ತದೆ; ಖೋಖೋ ಆಡಿದ ಮಗುವಿನ ಮೈಯೂ ದಣಿಯುತ್ತದೆ. ಎರಡು ದಣಿವುಗಳಿಗೂ ಇರುವ ವ್ಯತ್ಯಾಸವನ್ನು ಮಗುವಿನ ಮುಖವೇ ಹೇಳುತ್ತದೆ. ದುಡಿತದಲ್ಲಿ ಮೈ ಪರಾಧೀನ. ಆಟದಲ್ಲಿ ಅದು ತನ್ನದು. ತಾಲ್ಲೂಕು ಮಟ್ಟದ ಕ್ರೀಡಾಕೂಟವೊಂದರಲ್ಲಿ ಹೆಣ್ಣುಮಕ್ಕಳ ಖೋಖೋ ನೋಡುತ್ತ ಈ ಮಾತು ನನಗೆ ಹೊಳೆಯಿತು. ಎರೆಮಣ್ಣಿನ ಬಯಲು, ಬಿರುಕುಗಳನ್ನು ಮುಚ್ಚಲು ಹಾಕಿದ ಮಸಾರಿಯ ಪುಡಿ, ಬಹುಮಂದಿಯ ಕಾಲಿನಲ್ಲಿ ಬೂಟುಗಳಿಲ್ಲ. ಎಂಟು ಹುಡುಗಿಯರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖಮಾಡಿ ಕುಕ್ಕರುಗಾಲಿನಲ್ಲಿ ಕುಳಿತಿರುತ್ತಾರೆ. ಬೆನ್ನಿಗೆ ಕೈ ತಾಗಿ ‘ಖೋ’ ಎಂಬ ಕೂಗು ಕೇಳುವವರೆಗೂ ಏಳುವಂತಿಲ್ಲ. ಎದ್ದ ಮೇಲೆ ಹಿಂದಿರುಗುವಂತಿಲ್ಲ. ಹುಡುಗಿಯರಿಗೆ ಕುಳಿತಿರೆಂದು ಹೇಳುವವರು ನಮ್ಮ ಸಮಾಜದಲ್ಲಿ ಬಹಳ ಮಂದಿ. ಎದ್ದು ಓಡೆಂದು ಬೆನ್ನು ತಟ್ಟುವ ಕೈಗಳು ಕಡಿಮೆ. ಶಾಲೆ ಆ ಕೈಯಾಗಬೇಕು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋಖೋವಿನ ಮೊದಲ ವಿಶ್ವಕಪ್ ನಡೆದಾಗ ಭಾರತದ ಮಹಿಳೆಯರ ತಂಡವೂ ಪುರುಷರ ತಂಡವೂ ನೇಪಾಳವನ್ನು ಸೋಲಿಸಿ ಗೆದ್ದವು. ಗೆದ್ದ ಮಹಿಳೆಯರ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರು ಎಂಬ ಹಳ್ಳಿಯ ಬಿ. ಚೈತ್ರಾ ಇದ್ದರು. ಕ್ರೀಡಾಕೂಟದಲ್ಲಿ ಆಡಿದ ನಮ್ಮ ಹುಡುಗಿಯರೆಲ್ಲರೂ ವಿಶ್ವಕಪ್ಪಿಗೆ ಹೋಗಬೇಕಾಗಿಲ್ಲ. ಎಂಟನೆಯ ತರಗತಿಗೆ ಹೋದರೆ ಸಾಕು. ಬಾಲ್ಯವಿವಾಹದ ಭಯ ಇನ್ನೂ ಪೂರ್ತಿ ಅಳಿಯದ ಈ ಸೀಮೆಯಲ್ಲಿ, ತಂಡದ ಹೆಸರಿನಲ್ಲಿ ಶಾಲೆಯಲ್ಲಿ ಉಳಿದ ಒಂದೊಂದು ವರ್ಷವೂ ಒಂದೊಂದು ಗೆಲುವೇ.

ಈ ಮಾತುಗಳು ಭಾವುಕತೆಯಿಂದ ಬಂದವಲ್ಲ. ಕಾನೂನೂ ಇದನ್ನೇ ಹೇಳುತ್ತದೆ. 2009ರಲ್ಲಿ ರಚಿತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ 29ನೆಯ ವಿಧಿಯು ಮಕ್ಕಳು ಚಟುವಟಿಕೆ, ಶೋಧನೆ, ಅನ್ವೇಷಣೆಗಳ ಮೂಲಕ ಕಲಿಯಬೇಕೆಂದು ವಿಧಿಸುತ್ತದೆ. ಅದರ ಅನುಸೂಚಿಯಲ್ಲಿ ಕೊಠಡಿ, ಕುಡಿಯುವ ನೀರು, ಶೌಚಾಲಯಗಳ ಜೊತೆಯಲ್ಲಿಯೇ ಆಟದ ಮೈದಾನವೂ ಆಟದ ಸಾಮಗ್ರಿಯೂ ಸೇರಿವೆ. ಮೈದಾನವಿಲ್ಲದ ಶಾಲೆ ನೀರಿಲ್ಲದ ಶಾಲೆಯಷ್ಟೇ ಅಪೂರ್ಣ ಎಂದು ಅದರ ಅರ್ಥ. ನಮ್ಮ ಸರ್ಕಾರವೂ ಒಮ್ಮೆ ‘ಇತರ’ವನ್ನು ಮುಖ್ಯವನ್ನಾಗಿ ಮಾಡಿ ತೋರಿಸಿದೆ. 2002ರಲ್ಲಿ ಅಕ್ಷರ ದಾಸೋಹವೆಂಬ ಬಿಸಿಯೂಟದ ಯೋಜನೆ ಆರಂಭವಾದದ್ದು ರಾಯಚೂರೂ ಸೇರಿದಂತೆ ಈ ಭಾಗದ ಏಳು ಜಿಲ್ಲೆಗಳಲ್ಲಿ. ಊಟಕ್ಕೂ ಓದಿಗೂ ಏನು ಸಂಬಂಧವೆಂದು ಕೇಳಿದವರು ಆಗಲೂ ಇದ್ದರು. ಇಂದು ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆಟಕ್ಕೂ ಪ್ರವಾಸಕ್ಕೂ ಅಂಥ ದಿನ ಬರಬೇಕಾಗಿದೆ.

ಆಕ್ಷೇಪಗಳಿಲ್ಲವೆಂದಲ್ಲ. ಆಡಲಿಕ್ಕೆ ಶಾಲೆಗೆ ಏಕೆ ಕಳುಹಬೇಕು ಎಂದು ತಂದೆತಾಯಿಗಳು ಕೇಳುತ್ತಾರೆ. ಇಬ್ಬರೇ ಶಿಕ್ಷಕರಿರುವಲ್ಲಿ ಒಬ್ಬರು ಪ್ರವಾಸಕ್ಕೆ ಹೋದರೆ ಉಳಿದ ತರಗತಿಗಳ ಗತಿಯೇನು ಎಂಬುದು ಶಿಕ್ಷಕರ ನ್ಯಾಯವಾದ ಅಳಲು. ಇವೆರಡಕ್ಕಿಂತ ದೊಡ್ಡ ಅಪಾಯವೊಂದಿದೆ. ಚಟುವಟಿಕೆ ನಡೆಯುವುದು ಮಗುವಿಗಾಗಿಯೋ ವರದಿಗಾಗಿಯೋ ಎಂಬ ಸಂದೇಹ ಹಲವೊಮ್ಮೆ ಹುಟ್ಟುತ್ತದೆ. ಗಿಡ ನೆಟ್ಟ ಚಿತ್ರ ಕಳುಹಿಸಿದೊಡನೆ ಗಿಡದ ಕೆಲಸ ಮುಗಿಯಿತು. ಪ್ರತಿಭಾ ಕಾರಂಜಿಗೆ ಹಾಡಬಲ್ಲ ಒಬ್ಬಳನ್ನು ಆರಿಸಿದೊಡನೆ ಉಳಿದವರ ಹಾಡು ಮುಗಿಯಿತು. ಪ್ರವಾಸಕ್ಕೆ ಹಣ ಕೊಡಲಾರದವರು ಊರಿನಲ್ಲಿಯೇ ಉಳಿಯುತ್ತಾರೆ; ಅವರು ಬಹುಮಟ್ಟಿಗೆ ಗುಳೆಯ ಮನೆಯ ಮಕ್ಕಳೇ. ಯಾರಿಗೆ ಪ್ರವಾಸ ಎಲ್ಲರಿಗಿಂತ ಹೆಚ್ಚು ಬೇಕೋ ಅವರೇ ಅದರಿಂದ ಹೊರಗುಳಿಯುವ ಈ ಏರ್ಪಾಟು ಬದಲಾಗಬೇಕು.

ಅದಕ್ಕೆ ದೊಡ್ಡ ಯೋಜನೆಯೇನೂ ಬೇಡ. ದೂರದ ಊರುಗಳ ವೆಚ್ಚದ ಪ್ರವಾಸಕ್ಕೆ ಮೊದಲು, ಪ್ರತಿಯೊಂದು ಮಗುವೂ ತನ್ನ ಜಿಲ್ಲೆಯೊಳಗೇ ವರ್ಷಕ್ಕೊಂದು ದಿನ, ಹಣ ಕೊಡದೆ, ಎಲ್ಲಿಗಾದರೂ ಹೋಗಿ ಬರಲಿ. ದೇವದುರ್ಗದವರು ಮಸ್ಕಿಗೆ, ಮಾನ್ವಿಯವರು ರಾಯಚೂರಿಗೆ, ರಾಯಚೂರು ಪಟ್ಟಣದವರು ಗಬ್ಬೂರಿಗೆ. ಗುಳೆ ಹೊರಡುವ ಮೊದಲು, ಎಂದರೆ ದಸರೆ ದೀಪಾವಳಿಗಳ ನಡುವೆಯೇ, ಆ ದಿನ ಬರಲಿ. ಆಗ ಯಾರ ಹೆಸರೂ ತಪ್ಪುವುದಿಲ್ಲ. ಗುಳೆಯಿಂದ ಮರಳಿದ ಮಕ್ಕಳಿಗೆ ಮೊದಲ ವಾರ ತಪ್ಪಿದ ಪಾಠದ ವಿಚಾರಣೆ ಬೇಡ. ಅವರು ಕಂಡದ್ದನ್ನು ಹೇಳಿಸಿ, ಬರೆಸಿ, ಉಳಿದವರು ಕೇಳಲಿ. ಊರಿನ ಒಂದು ಬಯಲನ್ನಾದರೂ ಮಳಿಗೆಗೂ ತಿಪ್ಪೆಗೂ ಬಿಡದೆ ಶಾಲೆಯ ಆಟಕ್ಕೆಂದು ಪಂಚಾಯಿತಿಯವರು ಕಾಯ್ದಿಡಲಿ.

ಬಡತನ ಒಂದು ದಿನದಲ್ಲಿ ಹೋಗುವುದಿಲ್ಲ. ಗುಳೆಯ ಬಸ್ಸನ್ನು ಶಾಲೆಯೊಂದೇ ನಿಲ್ಲಿಸಲಾರದು. ಆದರೆ ಆ ಬಸ್ಸು ಹತ್ತಿದ ಮಗು ಕಿಟಕಿಯಿಂದ ಏನನ್ನು ಕಾಣುವುದೆಂಬುದು ಶಾಲೆಯ ಕೈಯಲ್ಲಿದೆ. ಕೃಷ್ಣೆಯ ಸೇತುವೆ ದಾಟುವಾಗ ಇದು ನನ್ನ ನದಿಯೆಂದು, ಕೋಟೆಯ ಗೋಡೆ ಕಂಡಾಗ ಈ ಕಲ್ಲನ್ನು ನಾನು ಅಳೆದಿದ್ದೇನೆಂದು, ತಂಗಿಗೆ ಬೆರಳು ತೋರಿಸಿ ಹೇಳಬಲ್ಲ ಮಗು ಎಷ್ಟು ದೂರ ಹೋದರೂ ಪರದೇಶಿಯಾಗುವುದಿಲ್ಲ. ಮರಳಿ ಬರುವ ಹಾದಿ ಅದಕ್ಕೆ ಗೊತ್ತಿರುತ್ತದೆ.